ದೃಶ್ಯ ಬೇರೆ, ದನಿ ಬೇರೆ
ರಾಜಕೀಯ ಸಾಕ್ಷ್ಯಚಿತ್ರ ನೋಡಿದ ಕೂಡಲೇ ‘ಎಲ್ಲ ಕಣ್ಣಾರೆ ಕಂಡೆ’ ಎಂದುಬಿಡಬೇಡಿ. ಮೈಕೆಲ್ ಮೂರ್ ಅವರ ‘ಫ್ಯಾರನ್‌ಹೀಟ್ 9/11’ 2004ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದ ಚಿತ್ರ. ಅದರಲ್ಲೊಂದು ದೃಶ್ಯ: ಸೆಪ್ಟೆಂಬರ್ 11ರ ದಾಳಿಯಲ್ಲಿ ಎರಡನೇ ವಿಮಾನ ಅಪ್ಪಳಿಸಿದ ಸುದ್ದಿ ಕಿವಿಗೆ ಬಿದ್ದ ಮೇಲೂ ಆಗಿನ ಅಮೆರಿಕ ಅಧ್ಯಕ್ಷ ಬುಷ್ ಫ್ಲೋರಿಡಾದ ಶಾಲೆಯೊಂದರಲ್ಲಿ ಮಕ್ಕಳೆದುರು ಸುಮಾರು 7 ನಿಮಿಷ ಕೂತೇ ಇದ್ದರು. ಅದು ನಿಜ. ಆದರೆ ಆಗ ಅವರ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಹೇಳುವ ದನಿ ಮೂರ್ ಅವರದು. ಬಲು ಜಾಣ್ಮೆಯಿಂದ ಹೆಣೆದ ಊಹೆ. ನಿರ್ದೇಶಕ ಪಕ್ಷ ವಹಿಸುವುದು ತಪ್ಪೇನಲ್ಲ, ನಾನಂತೂ ಆ ಕಸುಬನ್ನು ಮೆಚ್ಚುತ್ತೇನೆ. ನೀವು ಮಾತ್ರ ಕಂಡದ್ದನ್ನೂ ಕೇಳಿದ್ದನ್ನೂ ಬಿಡಿಸಿಟ್ಟುಕೊಳ್ಳಿ. ನಿಮಗೆ ಒಪ್ಪುವ ಚಿತ್ರವಾದರೆ ಇನ್ನಷ್ಟು ಎಚ್ಚರ ಬೇಕು. ಒಪ್ಪದ್ದರ ಹುಳುಕನ್ನು ಹೇಗೂ ಹುಡುಕುತ್ತೀರಿ. ಸಂಗೀತ ಏರಿದ ಕಡೆ ಸದ್ದು ಅಡಗಿಸಿ ಇನ್ನೊಮ್ಮೆ ನೋಡಿ.