ಸಣ್ಣ ಕೊಳವೆ ಮೊದಲು ಕಟ್ಟಿಕೊಳ್ಳುತ್ತದೆ

ಹೊನ್ನವಳ್ಳಿ ಸೀಮೆಯ ತೆಂಗಿನ ಬೆಳೆಗಾರನು, ಅಟ್ಟದ ಮೇಲೆ ವರ್ಷದ ಹತ್ತಿರ ಕೂಡಿಟ್ಟ ಕಾಯನ್ನು ಒಡೆಯದೆಯೇ ಕಿವಿಯ ಬಳಿ ಅಲುಗಿಸಿ, ಒಳಗಿನ ನೀರಾರಿ ಗಿಟುಕು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಸದ್ದಿನಿಂದಲೇ ಅರಿಯಬಲ್ಲನು. ಆದರೆ ತನ್ನ ದೇಹವೇ ಅಂತಹ ಸದ್ದು ಮಾಡಿದಾಗ ಕೇಳಿಸಿಕೊಳ್ಳಲು ಅವನಿಗೆ ಸಂಕೋಚವು ಅಡ್ಡಬರುತ್ತದೆ. ಶಿಶ್ನದ ನಿಮಿರುವಿಕೆ ಕುಂದುವುದು ಅಂತಹ ಸದ್ದುಗಳಲ್ಲೊಂದು.

ಹೃದಯಕ್ಕೆ ರಕ್ತವೊಯ್ಯುವ ನಾಳಗಳ ವ್ಯಾಸವು ಸುಮಾರು 3-4 ಮಿಲಿಮೀಟರ್ ಇದ್ದರೆ, ಶಿಶ್ನದ ನಾಳಗಳದು 1-2 ಮಿಲಿಮೀಟರ್ ಮಾತ್ರ. ತೋಟದ ಹನಿ ನೀರಾವರಿಯಲ್ಲಿ ದೊಡ್ಡ ಪೈಪು ಹರಿಯುತ್ತಿರುವಾಗಲೇ ಸಣ್ಣ ಕೊಳವೆ ಕಟ್ಟಿಕೊಳ್ಳುವಂತೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಬೀಡಿ ಸಿಗರೇಟುಗಳಿಂದಾದ ಹಾನಿಯು ಇಲ್ಲಿಯೇ ಮೊದಲು ತಲೆದೋರಿ, ಅನೇಕರಲ್ಲಿ ಎರಡರಿಂದ ಐದು ವರ್ಷಗಳ ತರುವಾಯ ಹೃದಯದಲ್ಲಿ ಪ್ರಕಟವಾಗುತ್ತದೆ.

ಆದುದರಿಂದ ಮೊದಲ ಕೆಲಸವು ಗಮನಿಸುವುದು. ಒಂದೆರಡು ದಿನದ ಆಯಾಸಕ್ಕೆ ಬೆದರಬೇಕಾಗಿಲ್ಲ; ಮೂರು ತಿಂಗಳಾದರೂ ತೊಂದರೆ ಉಳಿದರೆ, ಅದೂ ಬೆಳಗಿನ ಜಾವದ ಸಹಜ ನಿಮಿರುವಿಕೆಯೂ ಕುಂದಿದ್ದರೆ, ಕಾರಣವು ದೇಹದಲ್ಲಿರುವ ಸಂಭವ ಹೆಚ್ಚು. ಬೆಳಗಿನ ನಿಮಿರುವಿಕೆ ಸರಿಯಾಗಿದ್ದರೆ ಚಿಂತೆ, ಸಾಲ, ಮನಸ್ಸಿನ ಬೇಗೆಗಳತ್ತ ನೋಡಬೇಕು.

ಎರಡನೆಯದಾಗಿ, ನುಂಗುತ್ತಿರುವ ಗುಳಿಗೆಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಊರಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ರಕ್ತದೊತ್ತಡದ ಕೆಲವು ಔಷಧಗಳೂ ಈ ತೊಂದರೆಯನ್ನು ತರಬಲ್ಲವು, ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬಾರದು. ಮೂವತ್ತು ದಾಟಿದವರಿಗೆ ಅಲ್ಲಿ ರಕ್ತದೊತ್ತಡ, ಸಕ್ಕರೆಗಳ ತಪಾಸಣೆ ಉಚಿತ. ಖಾಲಿ ಹೊಟ್ಟೆಯ ಸಕ್ಕರೆ 126, ರಕ್ತದೊತ್ತಡ 140/90, ಸೊಂಟದ ಸುತ್ತಳತೆ 90 ಸೆಂಟಿಮೀಟರ್: ಇವುಗಳಲ್ಲಿ ಒಂದನ್ನು ಮುಟ್ಟಿದರೂ ಮುಂದಿನ ಮಾತನ್ನು ವೈದ್ಯರೊಡನೆ ಬಿಡಿಸಿ ಆಡಬೇಕು. ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ, ಅವರು ಹೇಳಿದರೆ ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್ ಪರೀಕ್ಷೆಯನ್ನೂ ಮಾಡಿಸಿರಿ. "ಸಕ್ಕರೆ ನೋಡಿಸೋಕೆ ಬಂದೆ" ಎಂದು ಮಾತಿಗೆ ತೊಡಗಿ, ಬಳಿಕ ನಿಜವನ್ನು ಹೇಳಿದರೂ ಸಾಕು. ವೈದ್ಯರಿಗೆ ಇದು ಹೊಸ ಕಥೆಯಲ್ಲ.

ಬಸ್ ನಿಲ್ದಾಣದ ಗೋಡೆಗಳಲ್ಲಿ ಗುಪ್ತರೋಗ, ನರದೌರ್ಬಲ್ಯಗಳೆಂದು ಅಂಟಿಸಿದ ಚೀಟಿಗಳನ್ನು ನಂಬಿ ಹೋಗುವವರ ಬಗ್ಗೆ ನನಗೆ ಕೋಪಕ್ಕಿಂತ ಮರುಕವೇ ಹೆಚ್ಚು. ಅಂತಹ ಚೂರ್ಣಗಳಲ್ಲಿ ಸಿಲ್ಡೆನಾಫಿಲ್ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಪದೇ ಪದೇ ಕಂಡುಬಂದಿದೆ. ಎದೆನೋವಿಗೆ ನಾಲಗೆಯಡಿ ಇಡುವ ಸಾರ್ಬಿಟ್ರೇಟ್‌ನಂತಹ ಗುಳಿಗೆಯೊಡನೆ ಅದು ಸೇರಿದರೆ ರಕ್ತದೊತ್ತಡವು ಪ್ರಾಣಾಪಾಯವಾಗುವಷ್ಟು ಕುಸಿಯುತ್ತದೆ. ವೈದ್ಯರು ಬರೆದುಕೊಟ್ಟಾಗ ಅದೇ ಔಷಧವು ಪ್ರಯೋಜನಕಾರಿ.

ಹೆಂಡತಿಗೆ ತಿಳಿಸಿರಿ, ತಿಳಿಸದಿದ್ದರೆ ಆಕೆ ತನ್ನಲ್ಲೇ ಏನೋ ಕೊರತೆಯಿದೆಯೆಂದು ನೊಂದಾಳು.

ಈ ತೊಂದರೆಯ ಜೊತೆಗೆ ಅಟ್ಟದ ಏಣಿ ಹತ್ತುವಾಗ ಎದೆ ಬಿಗಿದು, ಇಳಿದು ಕುಳಿತರೆ ಸಡಿಲವಾಗುತ್ತಿದ್ದರೆ, ಕೊಬ್ಬರಿ ಹರಾಜಿನ ದಿನಕ್ಕೆ ಕಾಯದೆ ಅಂದೇ ತಿಪಟೂರಿನ ಸಾರ್ವಜನಿಕ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿರಿ. ಕುಳಿತರೂ ಬಿಗಿತ ಸಡಿಲದಿದ್ದರೆ, ಬೆವರೊಡೆದರೆ, ಬೈಕು ಹತ್ತದೆ 108ಕ್ಕೆ ಕರೆಮಾಡಿರಿ.