ಜನವರಿ 26 ಏಕೆ?

ಅಕ್ಟೋಬರ್ 23ರಂದು ಬರೆದ ಮೂರು ತಿಂಗಳ ಬಿಲ್ಲಿಗೆ ಮೂರು ಗ್ರೇಸ್ ದಿನ ಸೇರಿಸಿದರೆ ಜನವರಿ 26 ಬರುತ್ತದೆ. ಅಂದು ಸಾರ್ವಜನಿಕ ರಜೆ. ಹಾಗಾಗಿ ಡ್ಯೂ ಡೇಟ್ ಹಿಂದಿನ ದಿನ, 25. ನಾನು ಟೆಸ್ಟಿನಲ್ಲಿ 27 ಎಂದು ಬರೆದು ಅಂಕ ಕಳೆದುಕೊಂಡೆ. ಮನೆಯಲ್ಲಿ ಹೇಳಿದಾಗ ಅಬ್ಬಾ ಕೇಳಿದರು: “ಸಂವಿಧಾನ ಅಂಗೀಕಾರವಾಗಿದ್ದು 1949ರ ನವೆಂಬರ್ 26ಕ್ಕಲ್ಲವಾ? ರಜೆ ಜನವರಿಯಲ್ಲಿ ಯಾಕೆ?” ಲೈಬ್ರರಿಯಲ್ಲಿ ಹುಡುಕಿದೆ.

1921ರ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದಲ್ಲಿ ಉರ್ದು ಕವಿ ಹಸ್ರತ್ ಮೊಹಾನಿ ಸಂಪೂರ್ಣ ಸ್ವಾತಂತ್ರ್ಯದ ಗೊತ್ತುವಳಿ ತಂದಾಗ ಗಾಂಧೀಜಿಯೇ ಒಪ್ಪಲಿಲ್ಲ. 1929ರ ಡಿಸೆಂಬರಿನಲ್ಲಿ ಲಾಹೋರ್ ಅಧಿವೇಶನ ಅದನ್ನೇ ಗುರಿ ಎಂದು ಸಾರಿತು. 1930ರ ಜನವರಿ 26ರಂದು ಜನ ಊರೂರಲ್ಲಿ ಪ್ರತಿಜ್ಞೆ ಮಾಡಿದರು. ಆ ದಿನದ ನೆನಪಿಗಾಗಿ ಸಂವಿಧಾನ ಎರಡು ತಿಂಗಳು ಕಾಯಿತು. ಪೌರತ್ವದಂಥ ಕೆಲವು ವಿಧಿಗಳು ಮಾತ್ರ ನವೆಂಬರಿನಲ್ಲೇ ಜಾರಿಯಾದವು.

ಅಬ್ಬಾಗೆ ಮೊಹಾನಿಯವರ ಗಜಲ್‌ಗಳು ಗೊತ್ತಿದ್ದವು, ಗೊತ್ತುವಳಿ ಗೊತ್ತಿರಲಿಲ್ಲ.