ಚೆಂದದ ತೆನೆ ಆರಿಸಿ ಕೆಟ್ಟೆ

ನಾನು ತಳಿವಿಜ್ಞಾನಿಯಲ್ಲ, ಅವರ ಚೀಲ ಹೊತ್ತವನು. ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ನಾಟಿ ಜೋಳದ ತೆನೆ ಕೂಡಿಹಾಕುತ್ತ ತಿರುಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗರು ಸಲಹೆ ಕೇಳುತ್ತಾರೆ. ನನ್ನ ಬಳಿ ಇರುವುದು ತಪ್ಪುಗಳ ಪಟ್ಟಿ.

1. ಹೆಸರು ಎಣಿಸಿ ಬೀಗಬೇಡಿ.

ಬಸವನಪಾದ, ಕಡಬಿನ ಜೋಳ, ಅಳ್ಳಿನ ಜೋಳ, ಸಕ್ರಿಮುಕ್ರಿ ಎಂದು ಒಂದೊಂದು ಹೆಸರು ಸಿಕ್ಕಾಗಲೂ ಒಂದೊಂದು ತಳಿ ಸಿಕ್ಕಿತೆಂದು ಕುಣಿದೆ. ಸಸ್ಯವಿಜ್ಞಾನಿಗಳಾದ ಹಾರ್ಲನ್ ಮತ್ತು ಡಿ ವೆಟ್ 1972ರಲ್ಲಿ ಜಗತ್ತಿನ ಬೇಸಾಯದ ಜೋಳವನ್ನೆಲ್ಲ ಬೈಕಲರ್, ಗಿನಿ, ಕೌಡೇಟಮ್, ಕಾಫಿರ್, ದುರ್ರಾ ಎಂದು ಐದು ಪಂಗಡ ಮಾಡಿದ್ದರು. ನಮ್ಮ ಹಿಂಗಾರಿ ಜೋಳ ಬಹುಪಾಲು ದುರ್ರಾ ಒಂದರಲ್ಲೇ ಕೂರುತ್ತದೆ ಎಂದು ತಿಳಿದಾಗ ನನ್ನ ಕುಣಿತ ನಿಂತಿತು. ಹಾಗೆಂದು ಎಲ್ಲವೂ ಒಂದೇ ಎಂದೂ ಅಲ್ಲ. ಎರಡು ಊರುಗಳಿಂದ ಒಂದೇ ಹೆಸರಿನಲ್ಲಿ ತಂದ ಬೀಜ ಪಕ್ಕಪಕ್ಕ ಬಿತ್ತಿದರೆ, ಒಂದು ತೆನೆ ಹಾಯುವಾಗ ಇನ್ನೊಂದು ಇನ್ನೂ ಎಲೆಯಲ್ಲೇ ಇತ್ತು. ಈಗ ಹೆಸರಿನ ಜೊತೆ ಊರು, ಮಣ್ಣು, ಬಿತ್ತುವ ಮಳೆ ಯಾವುದೆಂಬುದನ್ನೂ ಬರೆದುಕೊಳ್ಳುತ್ತೇನೆ.

2. ಕಣ್ಣಿಗೆ ಹಿಡಿಸಿದ ತೆನೆಯನ್ನೇ ಕೊಯ್ಯಬೇಡಿ.

ನನ್ನ ದೊಡ್ಡ ತಪ್ಪು ಇದು. ಹೊಲಕ್ಕೆ ಹೋಗುತ್ತಿದ್ದೆ, ಮುತ್ತಿನಂಥ ಕಾಳಿನ ತುಂಬು ತೆನೆಗಳನ್ನು ಆರಿಸುತ್ತಿದ್ದೆ, ಚೀಲ ಕಟ್ಟುತ್ತಿದ್ದೆ. ಮರುವರ್ಷ ನನ್ನ ಮಡಿಯಲ್ಲಿ ಬೆಳೆ ಒಂದೇ ಅಳತೆಗೆ ನಿಂತಾಗ ಹೆಮ್ಮೆಪಟ್ಟೆ ಬೇರೆ! ನಾಟಿ ತಳಿಯೆಂದರೆ ಒಂದೇ ಥರದ ಗಿಡಗಳ ಸಾಲಲ್ಲ. ಒಂದು ತುಸು ಬೇಗ ಹೂ ಬಿಡುತ್ತದೆ, ಒಂದು ತಡ. ಒಂದರ ಎಳೆ ಎಲೆ ಮಿರಿಮಿರಿ ಹೊಳೆಯುತ್ತದೆ, ಅಂಥದ್ದಕ್ಕೆ ಸುಳಿನೊಣದ ಕಾಟ ಕಡಿಮೆ. ಇನ್ನೊಂದು ಕೊನೆಯ ತೇವ ಆರಿದ ಮೇಲೂ ಹಸಿರಾಗಿ ನಿಲ್ಲುತ್ತದೆ, ಅದರ ತೆನೆ ಮಾತ್ರ ಸಣಕಲು. ಆ ಸಣಕಲನ್ನೆಲ್ಲ ನಾನು ಹೊಲದಲ್ಲೇ ಬಿಟ್ಟು ಬಂದಿದ್ದೆ. ಕೆಲವು ಊರುಗಳಿಗೆ ಮತ್ತೆ ಹೋಗುವಷ್ಟರಲ್ಲಿ ಅಲ್ಲಿ ಜೋಳದ ಜಾಗಕ್ಕೆ ಕಡಲೆ, ತೊಗರಿ ಬಂದಿತ್ತು.

ಲೆಕ್ಕ ಹೀಗಿದೆ: ನೂರಕ್ಕೆ ಐದು ಗಿಡಗಳಲ್ಲಷ್ಟೇ ಇರುವ ಗುಣ ಚೀಲಕ್ಕೆ ಬಿದ್ದಿದೆ ಎಂದು ಶೇ. 95ರಷ್ಟು ಭರವಸೆ ಬೇಕಾದರೆ, ಬೇರೆಬೇರೆ ಗಿಡಗಳಿಂದ ಕಣ್ಣುಮುಚ್ಚಿ ಕೊಯ್ದ 59 ತೆನೆ ಬೇಕು. ಈಗ ಹೊಲದ ಈ ಬದುವಿನಿಂದ ಆ ಬದುವಿಗೆ ಓರೆಯಾಗಿ ನಡೆಯುತ್ತೇನೆ, ಕೈಗೆ ಸಿಕ್ಕಿದ್ದನ್ನು ಕೊಯ್ಯುತ್ತೇನೆ. ಹೊಲದ ಮಾಲೀಕರು ಒಳ್ಳೆಯ ತೆನೆ ತೋರಿಸಿ “ಇದನ್ನ ಒಯ್ರಿ ಸಾಹೇಬ್ರ” ಎನ್ನುತ್ತಾರೆ. ಬೇಡವೆಂದರೆ ಬೇಜಾರಾಗುತ್ತಾರೆ. ಅದಕ್ಕೊಂದು ಬೇರೆ ಚೀಲ ಇಟ್ಟುಕೊಳ್ಳಿ.

3. ಹೂ ಬಿಡುವ ಮುನ್ನ ತೆನೆಗೆ ಚೀಲ ತೊಡಿಸಿ.

ಜೋಳ ಸ್ವಪರಾಗಸ್ಪರ್ಶದ ಬೆಳೆ ಎಂದು ಎಲ್ಲೋ ಓದಿದ್ದೆ. ಅದನ್ನೇ ನಂಬಿ ಎಲ್ಲ ತಳಿಗಳನ್ನೂ ಸಾಲಿಗೊಂದರಂತೆ ಒತ್ತೊತ್ತಾಗಿ ಬಿತ್ತಿದೆ. ಗಾಳಿಗೆ ಆ ಪಾಠ ಗೊತ್ತಿರಲಿಲ್ಲ. ಸಾಮಾನ್ಯವಾಗಿ ನೂರರಲ್ಲಿ ಐದರಿಂದ ಹದಿನೈದು ಕಾಳು ಪಕ್ಕದ ಗಿಡದ ಪರಾಗದಿಂದ ಕಟ್ಟಬಹುದು, ಬಿಡಿ ತೆನೆಯ ಜೋಳದಲ್ಲಿ ಇನ್ನೂ ಹೆಚ್ಚು. ಕೆಲವು ವರ್ಷ ಕಳೆದ ಮೇಲೆ, ಅಳ್ಳಿನ ಜೋಳ ಕೊಟ್ಟಿದ್ದ ಅಜ್ಜಿಗೆ ಪಂಚಮಿಯ ಹೊತ್ತಿಗೆ ನನ್ನಲ್ಲಿ ಬೆಳೆದ ಬೀಜವನ್ನೇ ಒಯ್ದು ಕೊಟ್ಟೆ. ಹುರಿದು ನೋಡಿ ಹೇಳಿದರು: “ತಮ್ಮಾ, ಇದು ಸರಿಯಾಗಿ ಅರಳೂದಿಲ್ಲೋ. ನನ್ನ ಜ್ವಾಳಕ್ಕ ಏನ್ ಮಾಡಿದಿ?” ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ಪುಣ್ಯಕ್ಕೆ ಅವರ ಗಡಿಗೆಯಲ್ಲಿ ಹಳೆಯ ಬೀಜ ಇನ್ನೂ ಇತ್ತು.

ಕಾಗದದ ಚೀಲವೂ ಸುಲಭದ್ದಲ್ಲ. ಮೋಡ ಕವಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಹುಳು ಸೇರಿದರೆ ಹೊರಗೆ ಕಾಣುವುದೇ ಇಲ್ಲ. ಕಾಳು ಕಟ್ಟಿದ್ದು ಖಾತ್ರಿಯಾದೊಡನೆ ತೆಗೆದುಬಿಡಿ.

4. ಅಡುಗೆಮನೆ, ದನದ ಕೊಟ್ಟಿಗೆ ಎರಡನ್ನೂ ವಿಚಾರಿಸಿ.

ನನ್ನ ನಮೂನೆಯಲ್ಲಿ ಎತ್ತರ, ಹೂ ಬಿಡುವ ದಿನ, ತೆನೆಯ ಉದ್ದ, ನೂರು ಕಾಳಿನ ತೂಕ ಇದ್ದವು. ರೊಟ್ಟಿ ಬಡಿದಾಗ ಅಂಚು ಬಿರಿಯುತ್ತದೆಯೇ, ಎಳೆ ತೆನೆ ಸುಟ್ಟು ತಿನ್ನುವ ಸೀತನಿಗೆ ಸಿಹಿಯಿದೆಯೇ, ಒಣ ದಂಟಿನ ಕಣಿಕಿಯನ್ನು ಎತ್ತು ತಿನ್ನುತ್ತದೆಯೇ ಎಂಬುದಕ್ಕೆ ಅಂಕಣವೇ ಇರಲಿಲ್ಲ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದಾಗ ಇಳುವರಿ ಏರಿತು. ಆದರೆ ಗಿಡ ಗಿಡ್ಡ, ಮೇವು ಕಡಿಮೆ, ಮಳೆಗೆ ಸಿಕ್ಕರೆ ಕಾಳು ಕಪ್ಪು. ನಾಟಿ ಜೋಳವನ್ನು ಹಲವು ಮನೆಗಳು ಬಿಡದಿದ್ದುದಕ್ಕೆ ಕಾರಣ ಹಳಬರ ಹಟ ಎಂದು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ.

5. ಹೈಬ್ರಿಡ್‌ಗಳ ತಾಯಿ ಯಾರೆಂದು ನೋಡಿ.

ಅಂಗಡಿಯಲ್ಲಿ ಬಣ್ಣಬಣ್ಣದ ಪೊಟ್ಟಣ ಕಂಡು ವೈವಿಧ್ಯ ಹೆಚ್ಚಿದೆ ಎಂದುಕೊಂಡಿದ್ದೆ. 1954ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಟೀಫನ್ಸ್ ಮತ್ತು ಹಾಲೆಂಡ್ ಮೈಲೋ ಜೋಳದ ಕೋಶದ್ರವ್ಯದಿಂದ, ಹೈಬ್ರಿಡ್ ಬೀಜಕ್ಕೆ ತಾಯಿಯಾಗಬಲ್ಲ ಗಂಡುಬಂಜೆ ಗಿಡ ಪಡೆದರು. ಜಗತ್ತಿನ ಹೈಬ್ರಿಡ್ ಜೋಳಗಳು ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ತಾಯಿಬಳ್ಳಿಯವು. 1970ರಲ್ಲಿ ಅಮೆರಿಕದ ಮೆಕ್ಕೆಜೋಳ ಹೀಗೆಯೇ ಒಂದೇ ಕೋಶದ್ರವ್ಯ ನೆಚ್ಚಿಕೊಂಡು ಎಲೆ ಅಂಗಮಾರಿಗೆ ಬಲಿಯಾಗಿತ್ತು. ಗಂಡುಬಂಜೆತನ ತರುವ ಬೇರೊಂದು ಕೋಶದ್ರವ್ಯ ಸಿಕ್ಕಿದ್ದು ನಮ್ಮ ನಾಟಿ ಜೋಳ ಮಾಲದಂಡಿಯಲ್ಲೇ! ಅದೇ ಮಾಲದಂಡಿಯಿಂದ ಸೊಲ್ಲಾಪುರದ ಬಳಿಯ ಮೋಹೋಳದಲ್ಲಿ ಆರಿಸಿದ ಎಂ 35-1 ತಳಿ ಊರೂರಿನ ಜೋಳಗಳನ್ನು ನುಂಗಿತೆಂದು ನಾನು ಅದನ್ನು ಬಹಳ ಬೈದಿದ್ದೆ.

6. ಡಬ್ಬಿಯ ಬೀಜಕ್ಕೆ ಮೊಳಕೆ ಪರೀಕ್ಷೆ ಮಾಡಿ.

ಹೈದರಾಬಾದಿನ ಬಳಿ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಕಾಪಿಡಲು ಮೈನಸ್ 20 ಡಿಗ್ರಿಯ ಕೋಣೆಗಳಿವೆ. ನನ್ನಲ್ಲಿದ್ದದ್ದು ಕಬ್ಬಿಣದ ಅಲಮಾರು. ಬೇಸಿಗೆಯಲ್ಲಿ ಅದರ ಬಾಗಿಲು ಮುಟ್ಟಿದರೆ ಕೈ ಚುರುಕ್ಕೆನ್ನುತ್ತಿತ್ತು. ಬರದ ವರ್ಷ ರೈತರೊಬ್ಬರು ತಾವೇ ಕೊಟ್ಟಿದ್ದ ಬೀಜ ಮರಳಿ ಕೇಳಲು ಬಂದರು. ಡಬ್ಬಿ ತುಂಬಿತ್ತು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಅರ್ಧಕ್ಕರ್ಧ ಮೊಳೆಯಲಿಲ್ಲ. ಈಗ ಬಿತ್ತನೆಗೆ ಮುಂಚೆ ಪ್ರತಿ ಡಬ್ಬಿಯಿಂದ ನೂರು ಕಾಳು ಮೊಳಕೆಗೆ ಇಡುತ್ತೇನೆ. ಸಂಖ್ಯೆ ಇಳಿಯತೊಡಗಿದರೆ ಆ ವರ್ಷವೇ ಬಿತ್ತಿ ಹೊಸ ಬೀಜ ಮಾಡಿಕೊಳ್ಳುತ್ತೇನೆ, ಒಂದು ಪಾಲು ಬೀಜ ಕೊಟ್ಟ ಮನೆಗೆ ಹೋಗುತ್ತದೆ.